ಮೂರನೇ ಕ್ಲಚ್ ಪ್ಲೇಟು

"ಇನ್ನಿದಕ್ಕೆ ದುಡ್ಡು ಸುರಿಯಬೇಡಿ ಮಾಷೇ,"
ಅಂದ ಕುಂಞಂಬು, ಉಪ್ಪಳದ ಗ್ಯಾರೇಜಿನಲ್ಲಿ
ಕಾರಿನಡಿಯಿಂದ, ಬರೀ ಎರಡು ಕಾಲಾಗಿ.

ಆರು ಸಾವಿರದ ಎಂಟುನೂರು.
ಕಲಿಯುವವರ ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ,
ರೇಡಿಯೇಟರಿನ ಕೆಳಗೆ, ಹೋದ ತಿಂಗಳ ಸೈಲೆನ್ಸರಿನ ಕೆಳಗೆ.
ಕಾರು ಕೊಂಡ ಬೆಲೆಯನ್ನು ಮೊತ್ತ ಎಂದೋ ದಾಟಿದೆ.

ಬಿಚ್ಚಿಟ್ಟ ಹಳೇ ಪ್ಲೇಟು, ಸವೆದು ಹಪ್ಪಳ.
ಇದರಲ್ಲಿ ಒಂದಿಷ್ಟು ಅವ್ವಾಬಿ ಸವೆಸಿದ್ದು:
ಕಡಂಬಾರಿನ ಏರಿನಲ್ಲಿ ಹನ್ನೊಂದು ಸಲ ಆಫ್ ಮಾಡಿದಳು,
ಈಗ ಸ್ವಂತ ಮೀನುಗಾಡಿ ಓಡಿಸುತ್ತಾಳೆ.
ಒಂದಿಷ್ಟು ಲಿಲ್ಲಿ ಕ್ರಾಸ್ತಾ,
ಎಚ್ ಹಾಕಲು ಹೋಗಿ ಕಂಬ ಬೀಳಿಸಿ ಅತ್ತವರು.
ನನ್ನ ಮಗನದೂ ಇರಬೇಕು. ಅವ ಒಪ್ಪುವುದಿಲ್ಲ.

"ಹಾಕು. ಎರಡು ಕಂತು," ಅಂದೆ.
ಕಾರಿನಡಿಯ ಕಾಲುಗಳು ನಕ್ಕವು.

ನಾಳೆ ಏಳಕ್ಕೆ ಹೊಸಬರೊಬ್ಬರು.
ಬೆಂಚಿನಡಿ ನನ್ನ ಬಲಗಾಲು ಈಗಲೇ
ಇಲ್ಲದ ಬ್ರೇಕನ್ನು ಒತ್ತುತ್ತಿದೆ.