ಹಿಡಿಸೂಡಿ ಕಡ್ಡಿ

ಮಲಗಿದ ಮೇಲೆ ಅಳೆದೆ.
ಎಚ್ಚರಿದ್ದರೆ ಕಚಗುಳಿಯೆಂದು ಕಾಲೆಳೆದುಕೊಳ್ಳುತ್ತಾನೆ.
ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು
ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಹಿಡಿದು
ಉಗುರಲ್ಲಿ ಮುರಿದೆ.
ಮನ್ವಿತನ ಕಾಲು, ಐದು ವರ್ಷ ಎರಡು ತಿಂಗಳು,
ಮರುದಿನ ರಬ್ಬರ್ ಬ್ಯಾಂಡಿನೊಳಗೆ
ಪಾಸ್‌ಬುಕ್ಕುಗಳ ಜೊತೆ ಪೇಟೆಗೆ ಹೊರಟಿತು.

ನಾನು ಪಿಗ್ಮಿ ಎತ್ತುವವಳು.
ಬಂದ್ಯೋಡಿನಿಂದ ಉಪ್ಪಳದ ತನಕ ಐವತ್ತೆಂಟು ಅಂಗಡಿ,
ಹತ್ತು, ಇಪ್ಪತ್ತು, ಮೀನು ನಾತದ ಐವತ್ತು.
ಹೆದ್ದಾರಿ ಆರು ಪಥವಾದ ಮೇಲೆ
ಎದುರು ಕಾಣುವ ಗಿರಾಕಿಗೂ ಅರ್ಧ ಮೈಲಿ ಸುತ್ತು.
ಕಾಲಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅದ್ರಾಮಚ್ಚನ ಅಂಗಡಿ ಆಚೆ ಬದಿಯಲ್ಲಿ.
ಬೆಲೆ ಹೇಳುವುದು ಮಲಯಾಳದಲ್ಲಿ,
ಇಳಿಸುವುದು ತುಳುವಿನಲ್ಲಿ,
ಬುದ್ಧಿ ಹೇಳುವಾಗ ಮಾತ್ರ ಕನ್ನಡ.
ಮೂರು ಜೊತೆ ಇಟ್ಟ.
ಮುನ್ನೂರೈವತ್ತರ ಹಿಮ್ಮಡಿಯಲ್ಲಿ ಕೆಂಪು ದೀಪ,
ಅಡಿಯೋ ಹಪ್ಪಳ.
ಸಾವಿರದ ಇನ್ನೂರರದು
ಬೆರಳು ಬಗ್ಗುವ ಕಡೆಯಲ್ಲೇ ಬಗ್ಗುತ್ತದೆ,
ಬೇರೆಲ್ಲೂ ಬಗ್ಗುವುದಿಲ್ಲ.
ನಡುವಿನದನ್ನು ಅವನೇ ಬದಿಗೆ ತಳ್ಳಿದ.
ಕಡ್ಡಿಯನ್ನು ಒಳಗೆ ತೂರಿಸಿ
ಮುಂದೆ ಒಂದು ಹೆಬ್ಬೆಟ್ಟು ಜಾಗ ಬಿಟ್ಟು ಹೇಳಿದ:
'ಅಕ್ಕಾ, ಈ ಪ್ರಾಯದಲ್ಲಿ ಕಾಲು ಓಡ್ತದೆ,
ಶೂ ಅಲ್ಲೇ ನಿಲ್ತದೆ.
ನಾಲ್ಕು ತಿಂಗಳು, ಹೆಚ್ಚೆಂದರೆ ಐದು.'

ಸಾವಿರದ ಇನ್ನೂರು, ನಾಲ್ಕು ತಿಂಗಳು:
ದಿನಕ್ಕೆ ಹತ್ತು.
ಮುನ್ನೂರೈವತ್ತರದು ಬಾಯಿ ಬಿಡಲು ಮೂವತ್ತೈದು ದಿನ
(ಕಳೆದ ವರ್ಷದ್ದನ್ನು ಎಣಿಸಿಟ್ಟಿದ್ದೇನೆ):
ಅದಕ್ಕೂ ಹತ್ತು.
ಇಡೀ ಪೇಟೆಯ ಲೆಕ್ಕ ಬರೆಯುವವಳಿಗೆ
ನನ್ನದೇ ಲೆಕ್ಕ ಉತ್ತರ ಕೊಡಲಿಲ್ಲ.

'ನಾವೆಲ್ಲ ಬರಿಗಾಲಲ್ಲೇ ಶಾಲೆಗೆ ಹೋದದ್ದಲ್ವಾ'
ಅಂದಿದ್ದರು ಇವರು,
ಬೈಕಿನ ಹೊಸ ಸೈಲೆನ್ಸರ್ ಒರೆಸುತ್ತಾ.
'ಎರಡು ನಂಬರ್ ದೊಡ್ಡದು ತಾ,
ಮುಂದಕ್ಕೆ ಹತ್ತಿ ತುರುಕಿದರಾಯಿತು' ಅಂದಿದ್ದರು ಅತ್ತೆ.
ಹತ್ತಿ ತುರುಕಿದ ಶೂವಿನಲ್ಲಿ ನಾನು ಎರಡು ವರ್ಷ ಕಲಿತಿದ್ದೇನೆ.
ನಡೆದದ್ದಲ್ಲ,
ಎಳೆದದ್ದು.

ಸಾವಿರದ ಇನ್ನೂರು ಎಣಿಸಿ ಕೊಟ್ಟೆ.

ಇವರಿಗೆ ಹೇಳಿದೆ, ಸಾವಿರದ ಇನ್ನೂರು.
ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಲೀಲಾವತಿಗೆ,
ಕೇಳದಿದ್ದರೂ ಹೇಳಿದೆ.
ಪಟ್ಟಿ ಅಂಟಿಸುವಾಗ ಅವನಿಗೆ ಹೇಳಿದೆ.
ಗೇಟಿನ ಹತ್ತಿರ ನೀರು ನಿಂತಲ್ಲಿ ಹೇಳಿದೆ.
ಚೆಂಡು ಒದೆಯುವಾಗ ಒಳಗಿನಿಂದ ಕೂಗಿ ಹೇಳಿದೆ.
ನೂರರ ತನಕ ಎಣಿಸಲು ಇನ್ನೂ ತಡವರಿಸುವ ಹುಡುಗ
ಆ ಒಂದು ಸಂಖ್ಯೆಯನ್ನು ತಪ್ಪಿಲ್ಲದೆ ಕಲಿತ.

ಆಟೋಟದ ದಿನ ಐತಪ್ಪಣ್ಣನ ಬೊಂಡದಂಗಡಿಯ ಎದುರು
ಫೋನು ಬಂತು. ನಳಿನಿ ಟೀಚರ್, ನಗುತ್ತಿದ್ದರು.
ಹಿಂದಿನ ರಾತ್ರಿ ಗುಡುಗಿ ಸುರಿದು ಮೈದಾನವೆಲ್ಲ ಕೆಸರು.
ಆರು ಮಕ್ಕಳಲ್ಲಿ ನಿಮ್ಮವನು ನಾಲ್ಕನೆಯವನು,
ಬೇಜಾರು ಮಾಡಬೇಡಿ,
ಗೆಲ್ಲುತ್ತಿದ್ದ,
ಆದರೆ ಕೈ ಬೀಸದೆ ಓಡಿದ.
ಶೂ ಎರಡನ್ನೂ ಎದೆಗೆ ಅವಚಿಕೊಂಡು
ಬರಿಗಾಲಲ್ಲಿ ಓಡಿದ.

ಐತಪ್ಪಣ್ಣನ ಹತ್ತು ರೂಪಾಯಿ ಕೈಯಲ್ಲೇ ಇತ್ತು.
ಬರೆಯಲು ಮರೆತೆ.

'ನೋಡಮ್ಮಾ, ಚೂರೂ ಮಣ್ಣಾಗಲಿಲ್ಲ'
ಸಂಜೆ ಒಂದೊಂದನ್ನೇ ತಿರುಗಿಸಿ ತೋರಿಸಿದ.
ನಾನು ನೆಲದಲ್ಲಿ ಕೂತು
ಕಾಲು ಒರೆಸಿ, ಶೂ ಹಾಕಿ, ಪಟ್ಟಿ ಅಂಟಿಸಿ
ಏನೂ ಹೇಳದೆ
ಅಂಗಳದ ಕೆಸರಿಗೆ ಇಳಿಸಿದೆ.

ನನ್ನ ಮುಖ ನೋಡುತ್ತಲೇ
ಒಂದು ಹೆಜ್ಜೆ ಇಟ್ಟ.
ಇನ್ನೊಂದು ಇಡಲು
ತುಂಬ ಹೊತ್ತು ಬೇಕಾಯಿತು.