ಮೂರೂವರೆ ಸಾವಿರ ಸುತ್ತು

ಸ್ಟೇಷನ್ ರೋಡಿನ ಔಷಧದಂಗಡಿ ಮ್ಯಾಲ ನಮ್ಮ ಕ್ಲಿನಿಕ್ಕು.
ಪುಟ್ಟ ಮಷೀನು. ಮುಚ್ಚಳ ಹಾಕಿದರ
ದೂರದಾಗೆಲ್ಲೋ ಹಿಟ್ಟಿನ ಗಿರಣಿ ನಡದಂಗ ಸಪ್ಪಳ.
ರಗತದ ಎದುರಿಗೆ ನೀರಿನ ಟ್ಯೂಬು, ತೂಕಕ್ಕ ತೂಕ ಇಡಬೇಕು,
ಇಲ್ಲಾಂದ್ರ ಟೇಬಲ್ಲೇ ಕುಣಿತದ.

ಇವತ್ತು ಬಂದಾಕಿ ಮಾನಮ್ಮ, ಬಸ್ ಕಂಡಕ್ಟರು,
ರಾಯಚೂರು ಲಿಂಗಸುಗೂರು.
ಹತ್ತೊಂಬತ್ತು ಬ್ಯಾಸಗಿ ಫುಟ್‌ಬೋರ್ಡಿನ ಮ್ಯಾಲ ನಿಂತ ಮಾರಿ.
ಖಾಕಿ ಬಿಚ್ಚಿಟ್ಟು ಹಸರ ಸೀರಿ ಉಟ್ಟಾಳ,
ಆದರೂ ಡಾಕ್ಟರ ಚೀಟಿ
ಬೆರಳ ಸಂದ್ಯಾಗ ಉದ್ದಕ ಮಡಚಿ ಹಿಡದಾಳ, ನೋಟಿನಂಗ.
ಯಾಕ ಮಾಡಿಸ್ತೀರಿ ಅಂದರ
"ಕನ್ನಡ್ಯಾಗ ನಮ್ಮತ್ತಿ ಕಾಣಾಕ ಹತ್ಯಾಳ್ರಿ."

ನರ ಹುಡುಕೋದೇ ಬೇಕಾಗಲಿಲ್ಲ,
ಕಂಬಿ ಹಿಡದು ಹಿಡದು ಎದ್ದ ನರ.
ಹತ್ತು ನಿಮಿಷ.
ಕೆಳಗ ಕೆಂಪು ಕುಂತದ, ಮ್ಯಾಲ ಹಳದಿ,
ನಡುವ ಹಾಲಿನ ಕೆನಿಗಿಂತ ತೆಳ್ಳನ ಬಿಳಿ ಗೆರಿ.
ಮುಟ್ಟಿಯೂ ಮುಟ್ಟದಂಗ ಸೂಜಿ ಇಳಿಸಬೇಕು.
ಉಸರು ಹಿಡದು ನಾ ಮಾಡೋದು ಇದೊಂದೇ ಕೆಲಸ.

ನಮ್ಮಪ್ಪ ಹಟ್ಟಿ ಗಣಿಯ ಮಿಲ್ಲಿನಾಗಿದ್ದ.
ಟನ್ನುಗಟ್ಟಲೆ ಕಲ್ಲು ಅರದರ ಚಿಟಿಕಿ ಬಂಗಾರ.
ಮನಿಗೆ ಬಂದದ್ದು ಬೂದಿ ಧೂಳು,
ಕಾಲರಿನಾಗ, ಹುಬ್ಬಿನಾಗ.
ರಿಟೈರಾದ ಮ್ಯಾಲೇ ನನಗ ಗೊತ್ತಾತು
ಅವನ ಮಾರಿ ಯಾವ ಬಣ್ಣ ಅಂತ.

"ತೋರಸ್ರಿ" ಅಂದಳು.
ಬೆಳಕಿಗೆ ಹಿಡದೆ.
"ಇದು ನನ್ನೊಳಗಿತ್ತಾ? ಇಷ್ಟು ಚಂದ?"
ಆಮ್ಯಾಲ, ತಡದು,
"ಆ ಕೆಂಪು?"
ಚೀಲಕ್ಕ ಹೋಗ್ತದ, ಗಾಡಿಯವರು ಒಯ್ತಾರ ಅಂದೆ.
"ದುಡದದ್ದೆಲ್ಲ ಅದೇ ಅಲ್ಲೇನವ್ವಾ?"

ಊರ ಹೊರಗ ಗುಡ್ಡದಷ್ಟು ಬಿದ್ದ ಬೂದಿ ಮಣ್ಣು ನೆನಪಾತು,
ಅದರ ಮ್ಯಾಲ ನಾವು ಜಾರಿ ಆಡಿದ್ದು.

ಚುಚ್ಚುವಾಗ ಬಾಯೊಳಗೇ ಸ್ಟಾಪುಗಳ ಹೆಸರು ಹೇಳಿಕೊಂಡಳು,
ಕಲ್ಮಲಾ, ಸಿರವಾರ, ಕವಿತಾಳ.
ಕವಿತಾಳಕ್ಕ ಕಣ್ಣಂಚಿನಾಗ ಒಂದು ಹನಿ
ಇಳದು ಹೋತು.

ಎರಡು ದಿನ ಬಿಸಲಿಗೆ ಹೋಗಬ್ಯಾಡ್ರಿ ಅಂದರು ಡಾಕ್ಟರು.
ರಾಯಚೂರಾಗ!
ಮಾರಿ ತುಂಬ ಕೆಂಪು ಚುಕ್ಕಿ, ನಕ್ಕಳು:
"ಮುಂಜಾನಿ ಐದೂವರಿಗೆ ಡ್ಯೂಟಿ ಅದರಿ.
ಸೂರ್ಯಾ ಸಿರವಾರದಾಗ ಹತ್ತತಾನ.
ನಾಳಿಗೆ ಅವಗ ಟಿಕೇಟು ಕೊಡಲ್ಲ ಬಿಡ್ರಿ."

ಮೆಟ್ಟಿಲಿಳಿಯೋ ಸಪ್ಪಳ ಮುಗಿದ ಮ್ಯಾಲ
ನೀರಿನ ಟ್ಯೂಬು ತಗದು ತೊಳಿಯಾಕ ಒಯ್ದೆ.
ಅದೂ ಅಷ್ಟೇ ಸುತ್ತು ಸುತ್ತಿತ್ತು.
ಒಳಗ ಏನೂ ಬ್ಯಾರೆ ಆಗಿದ್ದಿಲ್ಲ.