ನಲವತ್ತೊಂದನೆಯ ಬಾಟಲಿ

ಅಕಿತಾದ ಆ ಹಳ್ಳಿಗಳಲ್ಲಿ
ಲಕ್ವ ಹೊಡೆಯಿತು ಅನ್ನುತ್ತಿರಲಿಲ್ಲ ಯಾರೂ.
ತಗುಲಿತು, ಅಷ್ಟೇ.
ಯಾರ ಕಲ್ಲು, ಯಾವ ದಿಕ್ಕಿನದು, ಕೇಳುತ್ತಿರಲಿಲ್ಲ.
ಫೆಬ್ರವರಿಯ ರಾತ್ರಿ ಹಾಸಿಗೆ ಬಿಟ್ಟು
ಹಿತ್ತಿಲ ಕಕ್ಕಸಿಗೆ ಹೊರಟವನು
ಹೊಸಿಲಲ್ಲೇ ಕುಸಿದು
ಬೆಳಗಿನ ಹೊತ್ತಿಗೆ ಅರ್ಧ ಬಾಯಲ್ಲಿ
ಹೆಂಡತಿಯನ್ನು ಕೂಗುತ್ತಿದ್ದ.
ಕಿಚಿಜೊಗೆ ಆಗ ನಲವತ್ತೆಂಟು.

ನಾನು ಹೊಸ ನರ್ಸು, ಹೆಸರು ಫುಸಾಯೆ.
ಬೆನ್ನಿಗೆ ಮರದ ಪೆಟ್ಟಿಗೆ, ಅದರೊಳಗೆ ಪಾದರಸದ ಕಂಬ.
ಸೂರಿನೆತ್ತರ ಹಿಮ ಅಗೆದು ಮಾಡಿದ ಓಣಿಯಲ್ಲಿ
ಮನೆಯಿಂದ ಮನೆಗೆ ನಡೆದು
ರಟ್ಟೆಗೆ ಪಟ್ಟಿ ಸುತ್ತಿ ರಬ್ಬರಿನ ಗುಂಡು ಹಿಸುಕುತ್ತಿದ್ದೆ.
ತೋಳು ಹಿಂಡುವವಳು ಬಂದಳೆಂದು ಮಕ್ಕಳು ಓಡುತ್ತಿದ್ದವು.
ನೂರ ಎಂಬತ್ತು. ಇನ್ನೂರ ಹತ್ತು.
ಬರೆದುಕೊಳ್ಳುವಾಗ ಪೆನ್ಸಿಲ್ಲು ನಡುಗುತ್ತಿತ್ತು,
ಚಳಿಗೋ, ಅಂಕಿಗೋ.

ಪಟ್ಟಣದಿಂದ ಡಾಕ್ಟರ್ ಹತಕೆಯಾಮಾ ಬಂದರು.
ಒಂದು ಹಗಲು, ಒಂದು ರಾತ್ರಿ,
ತೊಟ್ಟೂ ಚೆಲ್ಲದಂತೆ ಎಲ್ಲರ ಮೂತ್ರ ಬೇಕು ಅಂದರು.
ಸಭೆ ನಕ್ಕಿತು. ಬಹಳ ಹೊತ್ತು ನಕ್ಕಿತು.
ಅವರು ಕಾದರು. ಆಮೇಲೆ ಸೀಮೆಸುಣ್ಣದಲ್ಲಿ
ಅವರೆಕಾಳಿನಂಥ ಎರಡು ಚಿತ್ರ ಬರೆದು,
'ನಾಲಿಗೆಗೆ ಮರೆವು. ಇವಕ್ಕಿಲ್ಲ.
ಉಂಡದ್ದಕ್ಕೆಲ್ಲ ಲೆಕ್ಕವಿಟ್ಟು ಕೆಳಗೆ ಕಳಿಸುತ್ತವೆ.
ಕಳಿಸಲಾರದ ದಿನ ರಕ್ತದ ಮೇಲೆ ಸಾಲ ಬರೆಯುತ್ತವೆ.
ಹೊತ್ತು ಹೊತ್ತು ನಾಳದ ಗೋಡೆ ಗಡುಸಾಗುತ್ತದೆ,
ಒಂದು ರಾತ್ರಿ ಬಿರಿಯುತ್ತದೆ.'
ಹಿಂದೆ ಕೂತಿದ್ದ ಯಾರೋ ಕೇಳಿದರು:
'ಬಾಟಲಿ ಯಾರು ಕೊಡುತ್ತಾರೆ?'

ಬಾಟಲಿ ಊರೇ ಕೊಟ್ಟಿತು. ಸಾಕೆ ಮುಗಿದ
ಕಂದು ಗಾಜಿನವು. ಹೂವಿನ ಬಟ್ಟೆಯಲ್ಲಿ ಗಂಟು ಕಟ್ಟಿ
ಮದುವೆ ಮನೆಗೆ ಉಡುಗೊರೆ ಒಯ್ಯುವವರ ಹಾಗೆ
ಎರಡೂ ಕೈಯಲ್ಲಿ ಹಿಡಿದು ತಂದರು.
ನಲವತ್ತೊಂದನೆಯದು ತೊಯೊಳದು,
ಕಿಚಿಜೊನ ಹೆಂಡತಿ.

ಫಲಿತಾಂಶ ನೋಡಿ ಡಾಕ್ಟರು ಕನ್ನಡಕ ತೆಗೆದರು.
ಊರಿಗೆಲ್ಲ ದಿನಕ್ಕೆ ಇಪ್ಪತ್ತೈದು, ಇಪ್ಪತ್ತಾರು ಗ್ರಾಂ ಉಪ್ಪು.
ಇವಳದು ಏಳು.
'ಈಕೆ ಏನು ತಿಂದು ಬದುಕಿದ್ದಾಳೆ? ನೋಡಿ ಬಾ.'

ಹೋದೆ. ಒಲೆಯ ಹೊಗೆಯಲ್ಲಿ ತೂಗುಹಾಕಿದ ಮೂಲಂಗಿಗಳು
ಸುಕ್ಕುಗಟ್ಟಿ ಕಪ್ಪಾಗಿದ್ದವು.
ಮೂಲೆಯಲ್ಲಿ ಕಲ್ಲು ಹೇರಿದ ಮೂರು ಪೀಪಾಯಿ.
ಒಳಗೆ ಕಿಚಿಜೊ. ಬಲಗೈ ಹೊದಿಕೆಯ ಮೇಲೆ,
ಯಾರೋ ಮರೆತುಹೋದ ಸಾಮಾನಿನಂತೆ.
ತೊಯೊ ಚಹಾ ಕೊಟ್ಟಳು, ತಟ್ಟೆ ತುಂಬ ಉಪ್ಪಿನಕಾಯಿ ಇಟ್ಟಳು.
ತಿಂದೆ. ಬೇಡವೆನ್ನಲು ಬಾಯಿ ಬರಲಿಲ್ಲ.
ರುಚಿಯೂ ಇತ್ತು.
ಆಮೇಲೆ ಬೂದಿ ಕೆದಕುತ್ತ, ತಲೆಯೆತ್ತದೆ,
'ಮುಕ್ಕಾಲು ಚೆಲ್ಲಿ ಹಿಮ ತುಂಬಿದೆ' ಅಂದಳು.
'ಇವರಿಗೆ ತಗುಲಿದ್ದು ಎಲ್ಲಿಂದ ಅಂತ
ನಿಮ್ಮ ಗಾಜು ಹೇಳಿಬಿಟ್ಟರೆ?
ಆ ಪೀಪಾಯಿ ತುಂಬಿದ್ದು ಈ ಕೈ.
ಇಪ್ಪತ್ತಾರು ವರ್ಷ ಬಡಿಸಿದ್ದೂ.'

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ತಿನ್ನಿಸಿದವರು ಏನು ಕುಡಿಯಬೇಕೋ
ನನ್ನ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.
ಏನೋ ಹೇಳಿದೆ: ನಿನ್ನ ಅತ್ತೆ, ಅವಳ ಅತ್ತೆ,
ಐದು ತಿಂಗಳ ಹಿಮ, ಉಪ್ಪಿಲ್ಲದಿದ್ದರೆ
ಆ ಐದು ತಿಂಗಳು ತಿನ್ನಲೇನಿತ್ತು ಎಂದು.
ನಿಜವೇ. ಆದರೆ ನಿಜ ಅವಳವರೆಗೆ ಹೋಗಿ
ಹೊಸಿಲಲ್ಲೇ ನಿಂತಿತು.

ಮೂರನೆಯ ದಿನ ನಸುಕಿಗೇ ಬಾಗಿಲು ಬಡಿದ ಸದ್ದು.
ಹಿಮದಲ್ಲಿ ತೊಯೊ. ಅದೇ ಹೂವಿನ ಬಟ್ಟೆ.
'ಇದು ಪೂರ್ತಿ' ಅಂದಳು, ಹೋದಳು.
ಇಪ್ಪತ್ತೆಂಟು ಗ್ರಾಂ.

ವರದಿಯಲ್ಲಿ ಅವಳ ಹೆಸರಿಲ್ಲ. ಒಂದು ಚುಕ್ಕೆಯಿದೆ,
ಗೆರೆಯ ಬಲತುದಿಯಲ್ಲಿ, ಉಳಿದವರಿಂದ ತುಸು ದೂರ.

ಎರಡು ಚಳಿಗಾಲ ಕಳೆದು ಊರಿನ ಸರಾಸರಿ
ನಾಲ್ಕು ಮಿಲಿಮೀಟರ್ ಇಳಿಯಿತು.
ಡಾಕ್ಟರು ಬೂಟು ಹಾಕಿಕೊಂಡೇ ಒಳಗೆ ಬಂದುಬಿಟ್ಟರು.
ನಾಲ್ಕು ಅಂದರೆ ಎಷ್ಟು, ತೊಯೊ ಕೇಳಿದಳು.
ಬೆರಳ ಸಂದಿಯಲ್ಲಿ ತೋರಿಸಿದೆ.
ಅವಳು ಹಲಗೆಯ ಮೇಲೆ ಮೂಲಂಗಿಯಿಟ್ಟು
ಎಂದಿನ ಜಾಗಕ್ಕೆ ಕತ್ತಿ ಊರಿ,
ಕಣ್ಣು ಕಿರಿದು ಮಾಡಿ
ಅಷ್ಟೇ ಅಷ್ಟು ಈಚೆಗೆ ಸರಿಸಿ
ಕೊಯ್ದಳು.
ಒಳಗಿನಿಂದ ಕಿಚಿಜೊ, ಅರ್ಧ ಬಾಯಲ್ಲಿ,
ತೆಳ್ಳಗಾಯಿತು ಎಂದು ಗೊಣಗಿದ.